ಹಿಂದಿನ ಸೀಟಿಗೆ ಕೇಳಿಸಿದ್ದು

ಪರದೆಯ ಮೇಲಿನ ಮನುಷ್ಯ ಮಾತಾಡುತ್ತಿದ್ದ. ಅವನು ತಾನೇ ಎಂದು ಒಪ್ಪಿಕೊಳ್ಳಲು ಓಬಳೇಶನಿಗೆ ಸ್ವಲ್ಪ ಹೊತ್ತು ಹಿಡಿಯಿತು. ತನ್ನ ಮುಖವನ್ನು ಅವನು ಕನ್ನಡಿಯಲ್ಲಿ ನೋಡಿದ್ದನೇ ಹೊರತು ಹೀಗೆ, ಯಾರೋ ಎದುರು ಕೂತು ನೋಡಿದ ಹಾಗೆ, ಎಂದೂ ನೋಡಿರಲಿಲ್ಲ. ಕನ್ನಡಿಯಲ್ಲಿ ಕಾಣುವವನು ಗಡ್ಡ ಹೆರೆಯುವವನು, ತಲೆ ಬಾಚುವವನು, ತನ್ನನ್ನು ನೋಡುತ್ತಿದ್ದಾರೆಂದು ಬಲ್ಲವನು. ಇವನಿಗೆ ಅದೇನೂ ಗೊತ್ತಿಲ್ಲ. ಕಂಪನಿಯ ನೀಲಿ ಅಂಗಿ, ಎದೆಗೆ ಅಡ್ಡಲಾಗಿ ಬೆಲ್ಟು, ಸ್ಟೇರಿಂಗಿನ ಮೇಲೆ ಎರಡೂ ಕೈ, ಕಣ್ಣು ರಸ್ತೆಯ ಮೇಲೆ, ಎಲ್ಲವೂ ನಿಯಮದ ಪ್ರಕಾರವೇ. ತುಟಿ ಮಾತ್ರ ಆಡುತ್ತಿತ್ತು. ಏನೋ ಹೇಳಿದ, ಹುಬ್ಬೇರಿಸಿದ, ಸುಮ್ಮನಾದ, ಯಾರೋ ಆ ಕಡೆಯಿಂದ ಏನೋ ಅಂದ ಹಾಗೆ ತಲೆಯಾಡಿಸಿದ, ಆಮೇಲೆ ನಕ್ಕ. ಆ ನಗುವನ್ನು ನೋಡಿ ಓಬಳೇಶನಿಗೆ ಮೈ ಜುಮ್ಮೆಂದಿತು. ಅಷ್ಟು ಸಲೀಸಾಗಿ ತಾನು ನಗಬಲ್ಲೆನೆಂದು ಅವನಿಗೆ ಗೊತ್ತಿರಲಿಲ್ಲ.

"ಯಾರ ಜೊತೆಗಲೇ ಮಾತು?" ಎಂದ ಓಂಕಾರಮೂರ್ತಿ. ಚಳ್ಳಕೆರೆ ಆಫೀಸಿನಲ್ಲಿ ಕಂಪನಿಯ ಗಾಡಿಗಳನ್ನೂ ಡ್ರೈವರುಗಳನ್ನೂ ನೋಡಿಕೊಳ್ಳುವವನು ಅವನು. ಹಣೆಯ ಮೇಲೆ ವಿಭೂತಿ ಇನ್ನೂ ಹಸಿಯಾಗಿತ್ತು, ದನಿ ಮಾತ್ರ ಒಣಗಿತ್ತು.

"ಯಾರ ಜೊತೇನೂ ಇಲ್ಲ ಸಾರ್."

"ಹಂಗಾರೆ ತುಟಿ ತಾನಾಗೇ ಕುಣೀತೈತಾ? ಕಿವೀಲಿ ಏನೋ ಸಿಕ್ಕಿಸ್ಕಂಡಿರ್ತೀಯ, ಸಣ್ಣದು, ಕಾಣಂಗಿಲ್ಲ. ಬೆಂಗಳೂರು ಆಫೀಸಿನೋರು ಅದನ್ನೇ ಅಂತವ್ರೆ. ಗಾಡಿ ಓಡಿಸ್ತಾ ಫೋನಲ್ಲಿ ಮಾತಾಡೋನಿಗೆ ಇಲ್ಲಿ ಮಾಫಿ ಇಲ್ಲ, ನಿನಗೂ ಗೊತ್ತು."

ಗೊತ್ತಿತ್ತು. ಹೋದ ವಾರ ಗಾಡಿಯ ಮುಂದಿನ ಗಾಜಿಗೆ ಡ್ರೈವರನ್ನು ನೋಡುವ ಕ್ಯಾಮೆರಾವನ್ನು ಅಂಟಿಸಿದ ದಿನವೇ ಹೇಳಿದ್ದರು. ನಿದ್ದೆ ತೂಗಿದರೆ, ಅತ್ತಿತ್ತ ನೋಡಿದರೆ, ಕೈಗೆ ಫೋನು ಬಂದರೆ, ತುಟಿ ಆಡಿದರೆ ಅದು ಹಿಡಿದು ಕಳಿಸುತ್ತದೆ. ಕಣ್ಣುಂಟು, ಕಿವಿಯಿಲ್ಲ. ಬೇರೆ ಯಾರಾದರೂ ಆಗಿದ್ದರೆ ಈ ಹೊತ್ತಿಗೆ ಕೈಮುಗಿದು, ಮನೆದೇವರ ಆಣೆ ಇಟ್ಟು, ಕೆಲಸ ಉಳಿಸಿಕೊಳ್ಳುವ ದಾರಿ ಹುಡುಕುತ್ತಿದ್ದರು. ಓಬಳೇಶನಿಗೂ ಹೆದರಿಕೆ ಇತ್ತು. ಆದರೆ ಹೆದರಿಕೆಯನ್ನು ಪಕ್ಕಕ್ಕೆ ತಳ್ಳಿ ಬೇರೊಂದು ಮುಂದೆ ಬಂದು ಕೂತಿತ್ತು. ಪರದೆಯ ಮೇಲಿನವನು ಏನು ಹೇಳುತ್ತಿದ್ದಾನೆ?

"ಇನ್ನೊಂದ್ ಸಲ ಹಾಕ್ರಿ ಸಾರ್," ಎಂದ.

ಓಂಕಾರಮೂರ್ತಿ ಅವನನ್ನು ದಿಟ್ಟಿಸಿ ನೋಡಿ ಇನ್ನೊಮ್ಮೆ ಹಾಕಿದ. ಓಬಳೇಶ ಬಗ್ಗಿ, ಪರದೆಗೆ ಮೂಗು ತಾಗುವಷ್ಟು ಹತ್ತಿರ ಹೋಗಿ ನೋಡಿದ. ತುಟಿಗಳು ಒಂದಕ್ಕೊಂದು ಕೂಡಿದವು, ಬಿಟ್ಟವು. ಬಾ ಎನ್ನಲು ಹಾಗೆ ಕೂಡಬೇಕು. ಬ್ಯಾಡ ಎನ್ನಲೂ ಕೂಡಬೇಕು. ಮಾರಮ್ಮ ಎನ್ನಲೂ, ಬೋಳಿಮಗ ಎನ್ನಲೂ. ಕೊನೆಯದು ನೆನಪಾಗಿ ಅವನ ಕುತ್ತಿಗೆ ಬೆವರಿತು. ಗಾಡಿಯಲ್ಲಿ ಕೂತ ದೊಡ್ಡವರನ್ನೆಲ್ಲ ಇಷ್ಟು ದಿನ ಬೈಯುತ್ತ ಬಂದಿದ್ದರೆ?

"ಮೂರನೇ ಸಲ ಹಾಕಲ್ಲ, ಇದೇನು ಸಿನಿಮಾನಾ?" ಎಂದು ಓಂಕಾರಮೂರ್ತಿ ಪರದೆ ಮುಚ್ಚಿದ. "ಮೇಡಂ ಹಿಂದ್ಗಡೆ ಕುಂತಿದ್ರಲ್ಲ. ಅವರು ಫೋನಲ್ಲ ಅಂತ ಒಂದು ಮಾತು ಅಂದ್ರೆ ನಾನು ಇದನ್ನ ಅಳಿಸಿ ಹಾಕ್ತೀನಿ. ಅನ್ನಲಿಲ್ಲ ಅಂದ್ರೆ ಸಂಜೆ ಕೀ ಮೇಜಿನ ಮೇಲಿಟ್ಟು ಹೋಗು. ನನ್ನ ಕೈಲಿ ಏನೂ ಇಲ್ಲ ಕಣಪ್ಪ." ಬೈಯುವಾಗ ಲೇ ಎನ್ನುವವನು ಕೈಬಿಡುವಾಗ ಅಪ್ಪ ಎನ್ನುತ್ತಾನೆ ಎಂಬುದನ್ನು ಓಬಳೇಶ ಗಮನಿಸಿದ.

ಗಂಗಾಂಬಿಕಾ ಮೇಡಂ ಮನೆ ಎಣ್ಣೆ ಮಿಲ್ಲುಗಳ ಸಾಲಿನಾಚೆ ಇತ್ತು. ಅವರ ಮಾವನವರ ಮಿಲ್ಲೂ ಅಲ್ಲೇ. ಬೀದಿಯ ತುಂಬ ಹಿಂಡಿಯ ವಾಸನೆ. ಮೊಳಕಾಲ್ಮುರಿನ ಆಚೆ ಗುಡ್ಡಗಳ ಮೇಲೆ ಕಂಪನಿ ನಿಲ್ಲಿಸಿದ ಗಾಳಿಯಂತ್ರಗಳಿಗೆ ಅವರು ಮ್ಯಾನೇಜರು. ಊರಿನವರೆಲ್ಲ ಫ್ಯಾನು ಎನ್ನುವುದನ್ನು ಕೇಳಿ ಕೇಳಿ ಈಗ ಮೇಡಂ ಕೂಡ ಫ್ಯಾನು ಎಂದೇ ಅನ್ನುತ್ತಿದ್ದರು. ಬೆಳಿಗ್ಗೆ ಬಂದು ಹಿಂದಿನ ಸೀಟಿನಲ್ಲಿ ಎಡಗಡೆ ಕೂರುವುದು, ಬ್ಯಾಗು ಪಕ್ಕಕ್ಕೆ, ಕಿವಿಗೆ ಎರಡೂ ವಯರು, ಕಣ್ಣು ಕಿಟಕಿಗೆ. ನಮಸ್ಕಾರಕ್ಕೆ ತಲೆ ಆಡಿಸುತ್ತಾರೆ, ಇಳಿಯುವಾಗ ಥ್ಯಾಂಕ್ಸ್ ಎನ್ನುತ್ತಾರೆ. ಒಳ್ಳೆಯವರು. ಅವನು ಗೌರವ ಕೊಡುವುದೇ ಅಂಥವರಿಗೆ. ಡ್ರೈವರುಗಳಲ್ಲಿ ಅರ್ಧ ಜನ ಕೆಡುವುದು ಬಾಯಿಂದ ಎಂದು ಅವನಿಗೆ ಸ್ಟೇರಿಂಗು ಹಿಡಿಯಲು ಕಲಿಸಿದ ಯತ್ತಪ್ಪ ಹೇಳುತ್ತಿದ್ದ. ಡ್ರೈವರಿಗೆ ಹಿಂದಿನ ಸೀಟು ಬೇರೆ ತಾಲ್ಲೂಕು ಇದ್ದಂಗೆ ಕಣ್ಲಾ, ಅಲ್ಲಿ ಮಳೆ ಬಂದ್ರೂ ನಿನಗೆ ಗೊತ್ತಾಗಬಾರದು. ಓಬಳೇಶ ಆ ಮಾತನ್ನು ಗಂಟು ಹಾಕಿಕೊಂಡವನು. ಕುದಾಪುರದ ಕಡೆಗೆ ವಿಜ್ಞಾನಿಗಳನ್ನು ಕರೆದೊಯ್ಯುತ್ತಿದ್ದ ಕಾಲದಲ್ಲಿ ಹುಲ್ಲುಗಾವಲಿನ ನಡುವೆ ಒಬ್ಬರು ದಾರಿಯುದ್ದಕ್ಕೂ ಅತ್ತಿದ್ದರು. ಅವನು ಕನ್ನಡಿಯನ್ನು ಮೇಲಕ್ಕೆ ತಿರುಗಿಸಿ, ತಾನೂ ಒಂದು ಬಿಡಿಭಾಗ ಎಂಬಂತೆ ಗಾಡಿ ಓಡಿಸಿದ್ದ. ಅದು ಅವನ ಹೆಮ್ಮೆ. ಮಾತಿಲ್ಲದ ಮನುಷ್ಯ ಎಂದು ಕಂಪನಿಯಲ್ಲಿ ಅವನಿಗೆ ಹೆಸರೇ ಇತ್ತು.

ಬಳ್ಳಾರಿ ರಸ್ತೆಗೆ ಬಂದ ಮೇಲೆ ತನ್ನ ಬಾಯಿಯನ್ನು ತಾನೇ ಹಿಡಿಯಬೇಕೆಂದು ಓಬಳೇಶ ನಿಶ್ಚಯಿಸಿದ. ಹೆಗ್ಗಣದ ಬಿಲದ ಮುಂದೆ ಕೂತವನ ಹಾಗೆ ತುಟಿಯ ಮೇಲೇ ಗಮನವಿಟ್ಟು ಕಾದ. ಬಿಲದಿಂದ ಏನೂ ಹೊರಬರಲಿಲ್ಲ. ಕಾಯುವವನಿದ್ದಾನೆಂದು ಗೊತ್ತಾದರೆ ಹೆಗ್ಗಣ ಬರುತ್ತದೆಯೇ? ಗಮನ ಬಿಟ್ಟು ನೋಡೋಣವೆಂದರೆ, ಗಮನ ಬಿಟ್ಟ ಮೇಲೆ ನೋಡುವವನು ಯಾರು? ಈ ಪ್ರಶ್ನೆ ಅವನಿಗೆ ವಿಚಿತ್ರವಾಗಿ ರುಚಿಸಿತು. ತನ್ನ ಗೊರಕೆ ತನಗೆ ಕೇಳಿಸದು ಎನ್ನುವುದೇನೋ ಸರಿ, ಆದರೆ ಅದು ನಿದ್ದೆಯ ಮಾತು. ಎಚ್ಚರದಲ್ಲಿ, ಎಂಬತ್ತರ ವೇಗದಲ್ಲಿ, ಲಾರಿ ಹಿಂದೆ ಹಾಕುತ್ತ ಒಬ್ಬ ಮನುಷ್ಯ ತನಗೇ ಗೊತ್ತಿಲ್ಲದೆ ಬಾಯಾಡುತ್ತಾನೆಂದರೆ ಗಾಡಿ ಓಡಿಸುತ್ತಿರುವವನು ಇವರಿಬ್ಬರಲ್ಲಿ ಯಾರು? ಕನ್ನಡಿಯಲ್ಲಿ ತುಟಿ ಕಾಣುತ್ತದೇನೋ ಎಂದು ಕತ್ತು ಎತ್ತಿದ. ಕೂಡಲೇ ಗಾಜಿನ ಮೇಲಿನ ಪೆಟ್ಟಿಗೆ, "ದಯವಿಟ್ಟು ರಸ್ತೆಯ ಕಡೆ ಗಮನವಿರಲಿ," ಎಂದಿತು. ಹೆಣ್ಣು ದನಿ, ಪುಸ್ತಕದ ಕನ್ನಡ. ದಿನವಿಡೀ ಅವನನ್ನು ಇಷ್ಟು ಮರ್ಯಾದೆಯಿಂದ ಮಾತಾಡಿಸುವವಳು ಅವಳೊಬ್ಬಳೇ.

ತಳಕು ಬರುವ ಹೊತ್ತಿಗೆ ಅವನು ಬೇರೆಯವರ ತುಟಿಗಳನ್ನು ನೋಡತೊಡಗಿದ್ದ. ಅಂಗಡಿಯ ಮುಂದೆ ಬಸ್ಸಿಗೆ ಕಾಯುತ್ತಿದ್ದ ಮುದುಕಿಯ ತುಟಿ ಆಡುತ್ತಿತ್ತು, ಅದು ಎಲೆಯಡಿಕೆ. ಎದುರು ಬಂದ ಖಾಸಗಿ ಬಸ್ಸಿನವನ ತುಟಿ ಆಡಿತು. ಅದು ಬೈಗುಳ, ಅನುಮಾನವೇ ಇಲ್ಲ. ಶೇಂಗಾ ಹೊಲದ ಬದುವಿನಲ್ಲಿ ಒಬ್ಬ ಹೆಂಗಸು ಒಬ್ಬಳೇ ನಡೆಯುತ್ತ ಏನೋ ಹೇಳಿಕೊಳ್ಳುತ್ತಿದ್ದಳು. ಲೋಕದಲ್ಲಿ ಇಷ್ಟು ಜನ ಒಬ್ಬರೇ ಮಾತಾಡುತ್ತಾರೆಂದು ಅವನು ಗಮನಿಸಿಯೇ ಇರಲಿಲ್ಲ. ಅವ್ವ ಬೋರಕ್ಕ ಬದುಕಿದ್ದಾಗ ಮನೆಯವರಿಗೆ ತೆಲುಗು, ಮೇಕೆಗಳಿಗೆ ಕನ್ನಡ ಆಡುತ್ತಿದ್ದಳು. ಯಾಕವ್ವ ಎಂದರೆ, ಮೇಕೆ ಸಂತೇಲಿ ಮಾರೋವು, ಕೊಂಡೋರಿಗೆ ತೆಲುಗು ಬರದಿದ್ರೆ, ಎನ್ನುತ್ತಿದ್ದಳು. ಪರದೆಯ ಮೇಲಿನವನು ಆಡಿದ್ದು ಯಾವುದು, ಅವ್ವನ ತೆಲುಗೋ ಮೇಕೆಗಳ ಕನ್ನಡವೋ? ಸತ್ತ ಅವ್ವನ ಜೊತೆಗೇ ಆಡುತ್ತಿದ್ದಾನೋ? ಅವ್ವನ ಜೊತೆ ಆದರೆ ಆ ನಗು ಬರುವಂತಿಲ್ಲ. ಅವ್ವ ಅವನನ್ನು ಎಂದೂ ನಗಿಸಿದವಳಲ್ಲ.

ತಳಕು ದಾಟಿದ ಮೇಲೆ ಬಲಕ್ಕೆ ಒಂದು ಮಣ್ಣು ರಸ್ತೆ ಒಡೆಯುತ್ತದೆ. ಆ ಕ್ರಾಸಿನಲ್ಲಿ ಅವನು ಎಂದಿನ ಹಾಗೆ ಎಡಗಡೆ ನೋಡಿದ. ಬಲಗಡೆಯ ರಸ್ತೆಯ ಕೊನೆಯಲ್ಲಿ ಮಗಳು ಕಾವ್ಯಳ ಗಂಡನ ಮನೆ. ಯುಗಾದಿಯಾದ ಮೇಲೆ ಅವಳು ಒಂದು ಚೀಲ ಹಿಡಿದು ತವರಿಗೆ ಬಂದಿದ್ದಳು. ಹೊಡೆದರಾ, ಎಂದು ಕೇಳಿದ್ದ. ಇಲ್ಲ. ಬೈದರಾ? ಇಲ್ಲ. ಉಪವಾಸ ಕೆಡವಿದರಾ? ಇಲ್ಲಪ್ಪ, ಯಾರೂ ಮಾತಾಡ್ಸಲ್ಲ. ನಾದಿನಿಯನ್ನು ನೋಡಲು ಬಂದ ಗಂಡಿನ ಕಡೆಯವರು ಅಡಿಗೆಮನೆಗೆ ಬಂದು, ಹುಡುಗಿ ಎಷ್ಟು ಓದಿದ್ದಾಳಮ್ಮ ಎಂದು ಕೇಳಿದಾಗ, ಕಾವ್ಯ ಹತ್ತನೇದು ಫೇಲು ಎಂದು ಇದ್ದದ್ದು ಇದ್ದಂತೆ ಹೇಳಿಬಿಟ್ಟಿದ್ದಳು. ಮನೆಯವರು ಪದವಿ ಆಗಿದೆ ಎಂದಿದ್ದರಂತೆ. ಸಂಬಂಧ ಮುರಿಯಿತು. ಇದ್ದದ್ದು ಇದ್ದಂಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರು ಎಂಬ ಗಾದೆ ಇದೆ. ಇವರು ಒದೆಯಲಿಲ್ಲ, ಬಾಯಿ ಮುಚ್ಚಿಕೊಂಡರು. ಅತ್ತೆ, ಮಾವ, ನಾದಿನಿ, ಕೊನೆಗೆ ಕಟ್ಟಿಕೊಂಡವನೂ. ತಟ್ಟೆ ಇಡುತ್ತಾರೆ, ಎತ್ತುತ್ತಾರೆ, ಅವಳು ಕೇಳಿದ್ದಕ್ಕೆ ಗೋಡೆಯ ಕಡೆ ನೋಡುತ್ತಾರೆ. ಓಬಳೇಶನಿಗೆ ಇದು ಅಂಥ ದೊಡ್ಡದೆನಿಸಿರಲಿಲ್ಲ. ಮಾತಾಡ್ಸದಿದ್ರೆ ಏನಾಯ್ತವ್ವ, ಬೆಳಗಿಂದ ಸಂಜೆ ತಂಕ ಗಾಡೀಲಿ ನನ್ನ ಯಾರು ಮಾತಾಡ್ಸ್ತಾರೆ, ನಾನು ಬದುಕಿಲ್ವಾ, ಎಂದಿದ್ದ. ಹೆಂಡತಿ ಲಕ್ಷ್ಮೀದೇವಿ ಒಲೆಯ ಮುಂದಿಂದ ಒಮ್ಮೆ ತಿರುಗಿ ನೋಡಿ ಮತ್ತೆ ರೊಟ್ಟಿ ತಟ್ಟಿದ್ದಳು. ಮಾರನೆಯ ದಿನ ಬೈಕಿನಲ್ಲಿ ಮಗಳನ್ನು ಕೂರಿಸಿಕೊಂಡು ಬಂದು, ತಳಕಿನಲ್ಲಿ ಮಂಡಕ್ಕಿ ಮೆಣಸಿನಕಾಯಿ ಕೊಡಿಸಿ, ಬೀಗರ ಮುಖ ನೋಡಲು ನಾಚಿಕೆಯಾಗಿ ಈ ಕ್ರಾಸಿನಲ್ಲೇ ಇಳಿಸಿದ್ದ, ಗಿರಾಕಿಯನ್ನು ಇಳಿಸಿದ ಹಾಗೆ. ಚೀಲ ಹಿಡಿದು ಅವಳು ನಡೆದದ್ದನ್ನು ನೋಡಲಿಲ್ಲ. ಆವತ್ತಿನಿಂದ ಇಲ್ಲಿ ಬಂದಾಗಲೆಲ್ಲ ಕಣ್ಣು ಎಡಕ್ಕೆ ಹೋಗುತ್ತದೆ. ಎಡಕ್ಕೆ ಜಾಲಿ ಗಿಡಗಳಿವೆ, ಬೇರೇನಿಲ್ಲ.

ಬದುಕಿಲ್ವಾ ಎಂದು ಕೇಳಿದ್ದೆನಲ್ಲ. ಮಾತಿಲ್ಲದೆ ಬದುಕಬಹುದು ಎನ್ನುವುದಕ್ಕೆ ತನ್ನನ್ನೇ ಸಾಕ್ಷಿ ಹಾಕಿದ್ದೆನಲ್ಲ. ಓಂಕಾರಮೂರ್ತಿಯ ಪರದೆಯ ಮೇಲೆ ಆ ಸಾಕ್ಷಿ ಬೆಳಿಗ್ಗೆ ಬಾಯಿ ಮುಚ್ಚದೆ ವಟಗುಟ್ಟಿತ್ತು.

ಗುಡ್ಡದ ಬುಡದ ಆಫೀಸು ತಲುಪಿದಾಗ ಮೇಡಂ ಥ್ಯಾಂಕ್ಸ್ ಎಂದು ಇಳಿದು ಹೋದರು. ಕೇಳಬೇಕಾದ್ದನ್ನು ಅವನು ಕೇಳಿರಲಿಲ್ಲ. ಹಿಂದಿನ ಸೀಟಿನವರನ್ನು ತಾನಾಗಿ ಮಾತಾಡಿಸುವ ಅಭ್ಯಾಸವೇ ಇಲ್ಲದೆ ಮಾತು ಎಲ್ಲಿಂದ ಶುರುವಾಗುತ್ತದೆಂದು ಗೊತ್ತಿರಲಿಲ್ಲ. ಮೇಲೆ ಫ್ಯಾನುಗಳು ನಿಧಾನವಾಗಿ ತಿರುಗುತ್ತಿದ್ದವು, ನೆರಳು ಗಾಡಿಯ ಮೇಲೆ ಹಾದು ಹೋಗುತ್ತಿತ್ತು. ಹೊಂಗೆಯ ಕೆಳಗೆ ಕಾಗದದ ಲೋಟದಲ್ಲಿ ಚಾ ಕುಡಿದು, ಮೇಡಂ ಏನು ಹೇಳಬಹುದು ಎಂದು ಒಂದೊಂದಾಗಿ ಊಹಿಸಿದ. ದೇವರ ಹೆಸರು ಹೇಳುತ್ತೀರಿ ಎಂದರೆ ಎಷ್ಟು ಚೆನ್ನ. ಹಾಡು ಎಂದರೂ ನಡೆಯುತ್ತದೆ. ನಮ್ಮನ್ನೆಲ್ಲ ಬೈತೀರಿ ಎಂದರೆ ಕೀ ಇಟ್ಟು ಹೋಗುವುದೇ. ಕೆಟ್ಟದೇ ಆಗಿರಲಿ, ತಿಳಿಯಬೇಕು ಎಂದು ಅವನ ಜೀವ ಹಟ ಹಿಡಿದಿತ್ತು. ಕೆಲಸ ಹೋದರೆ ಚಳ್ಳಕೆರೆಯಲ್ಲಿ ಆಟೋ ಉಂಟು, ಎಣ್ಣೆ ಟ್ಯಾಂಕರ್ ಉಂಟು. ಆ ತುಟಿ ಆಡಿದ್ದು ಏನೆಂದು ತಿಳಿಯದೆ ಹೋದರೆ ಉಳಿದ ಆಯುಷ್ಯವೆಲ್ಲ ಒಬ್ಬ ಗುರುತಿಲ್ಲದವನ ಜೊತೆ ಒಂದೇ ಚರ್ಮದಲ್ಲಿ ವಾಸ ಮಾಡಬೇಕಾಗುತ್ತದೆ.

ಆ ಹಟವೇ ಅವನನ್ನು ಎಬ್ಬಿಸಿ ಒಳಗೆ ಕರೆದುಕೊಂಡು ಹೋಯಿತು. ಬಾಗಿಲು ತಳ್ಳಿದ ಮೇಲೆ ಗೊತ್ತಾಯಿತು, ಮೀಟಿಂಗು ನಡೆಯುತ್ತಿದೆ. ಮೇಜಿನ ಸುತ್ತ ಕೂತವರೆಲ್ಲ ತಿರುಗಿದರು. "ಏನ್ರಿ ಓಬಳೇಶಣ್ಣ?" ಎಂದರು ಮೇಡಂ. ಅಷ್ಟು ಮುಖಗಳ ಮುಂದೆ ಅವನ ಬಾಯಿಗೆ ಬಂದದ್ದು, "ನೀರಿನ ಬಾಟ್ಲಿ ಗಾಡೀಲೇ ಬಿಟ್ಟಿದ್ರಿ ಮೇಡಂ," ಎಂಬ ಮಾತು. ಅವನ ಕೈಯಲ್ಲಿ ಬಾಟಲಿ ಇರಲಿಲ್ಲ. ಮೇಡಂ ಬಾಟಲಿ ಅವರ ಮುಂದೆಯೇ, ಎಲ್ಲರಿಗೂ ಕಾಣುವಂತೆ, ನಿಂತಿತ್ತು. ಎಲ್ಲರೂ ಒಮ್ಮೆ ಅದನ್ನು ನೋಡಿದರು, ಒಮ್ಮೆ ಅವನನ್ನು ನೋಡಿದರು. ಕಿರಿಯ ಇಂಜಿನಿಯರ್ ಮಲ್ಲಿಕ್, "ಬಿಸಿಲು ಜಾಸ್ತಿ ಆಗೈತೆ ಮೇಡಂ, ಡ್ರೈವರಿಗೆ ಮೊದ್ಲು ನೀರು ಕೊಡ್ರಿ," ಎಂದು ನಕ್ಕ. ಓಬಳೇಶನೂ ನಕ್ಕ, ಹೊರಗೆ ಬಂದ. ಬಾಯಿಗೆ ಬೇಕಾದಾಗ ಏನೂ ಬರದು, ಬೇಡವಾದಾಗ ನಿಲ್ಲದು ಎಂದು ತನ್ನ ಮೇಲೇ ಸಿಟ್ಟು ಬಂತು. ಅವಮಾನಕ್ಕಿಂತ ಆ ಸಿಟ್ಟೇ ಹೆಚ್ಚು ಉರಿಯಿತು.

ಹಿಂದಿರುಗುವಾಗ ಇನ್ನೂ ಬಿಸಿಲಿತ್ತು. ಮೊಳಕಾಲ್ಮುರು ಪಕ್ಕದ ಹಾನಗಲ್ಲಿನ ಹತ್ತಿರ ದೊಡ್ಡ ರಸ್ತೆ ಸೇರಿದ ಮೇಲೆ ಅವನು ಯೋಚಿಸುವುದನ್ನು ಬಿಟ್ಟು ಬಾಯಿ ಬಿಟ್ಟ.

"ಮೇಡಂ, ಒಂದು ಮಾತು ಕೇಳ್ಲಾ?"

ಅವರು ಒಂದು ಕಿವಿಯ ವಯರು ತೆಗೆದರು. ಅವನು ಬೆಳಗಿನದೆಲ್ಲ ಹೇಳಿದ. ಕ್ಯಾಮೆರಾ, ತುಟಿ, ಬೆಂಗಳೂರಿನವರ ಅನುಮಾನ, ಸಂಜೆಯ ಕೀ. ಕೊನೆಗೆ, "ನಾನು ಏನಾದ್ರೂ ಮಾತಾಡ್ತೀನಾ ಮೇಡಂ, ಗಾಡೀಲಿ?" ಎಂದ.

ಗಂಗಾಂಬಿಕಾ ಜೋರಾಗಿ ನಕ್ಕುಬಿಟ್ಟರು. "ಅಯ್ಯೋ ಶಿವನೇ, ನಿಮಗೆ ಗೊತ್ತಿಲ್ವಾ?"

"ನಿಮಗೆ ಕೇಳುಸ್ತೈತಾ? ಕಿವೀಲಿ ಹಾಡು ಇರ್ತಾವಲ್ಲ."

"ಯಾವ ಹಾಡೂ ಇಲ್ರಿ. ಈ ವಯರು ಸಿಕ್ಕಿಸ್ಕಂಡ್ರೆ ಯಾರೂ ಮಾತಾಡ್ಸಲ್ಲ, ಅದಕ್ಕೇ. ನಮ್ಮ ಮನೇಲಿ ಮಾತು ಅಂದ್ರೆ ಮಿಲ್ಲಿನ ಗಾಣ ಇದ್ದಂಗೆ, ನಿಲ್ಲೋದೇ ಇಲ್ಲ. ಒಂದು ಗಳಿಗೆ ಸುಮ್ನಿರಾಣ ಅಂತ ಇಲ್ಲಿ ಬಂದು ಕುಂತ್ರೆ ಮುಂದ್ಗಡೆಯಿಂದ ನಿಮ್ಮದು ಶುರುವಾಗ್ತಿತ್ತು. ಮೊದಮೊದಲು ಹೆದರಿಕೆ ಆತು. ಗಾಡಿ ಚೆನ್ನಾಗೇ ಓಡಿಸ್ತಿದ್ರಿ, ಅದಕ್ಕೆ ಸುಮ್ನಾದೆ. ಆಮೇಲೆ ರೂಢಿ ಆತು. ಮೊನ್ನೆ ನೀವು ರಜೆ ಹಾಕಿದಾಗ ಬೇರೆ ಡ್ರೈವರ್ ಬಂದಿದ್ದ ನೋಡ್ರಿ, ಗಾಡಿಯೆಲ್ಲಾ ಬಣಬಣ ಅಂತು."

"ಬೈತೀನಾ ಮೇಡಂ?"

"ಒಂದೊಂದ್ಸಲ ಬಸ್ಸಿನೋರನ್ನ." ಅವರು ಇನ್ನೊಂದು ಕಿವಿಯ ವಯರನ್ನೂ ತೆಗೆದು ಮಡಿಲಲ್ಲಿಟ್ಟುಕೊಂಡರು. "ದಾರಿ ತೋರಿಸ್ತೀರಿ. ನೋಡು, ಇವರು ಈಗ್ಲೇ ಶೇಂಗಾ ಕೀಳ್ತಾವ್ರೆ. ನೋಡು, ಕೆರೇಲಿ ಹಕ್ಕಿ ಬಂದಾವೆ. ಈ ಹೋಟ್ಲು ಬೋರ್ಡಿಗೆ ಬಣ್ಣ ಬಳಿದವ್ರೆ, ಆದ್ರೆ ಇಡ್ಲಿ ಅದೇ ಕಲ್ಲು. ಹಿಂಗೇ. ಚೆನ್ನಾಗಿರ್ತೈತೆ ಕೇಳಾಕೆ. ನಾನೂ ಆ ಕಡೆ ನೋಡ್ತೀನಿ."

ಓಬಳೇಶನಿಗೆ ಎದೆ ಹಗುರಾಯಿತು. ಬೈಗುಳವಲ್ಲ, ಗುಟ್ಟಲ್ಲ, ದಾರಿಯ ಮಾತು. ಅಷ್ಟೇನಾ ಎಂಬ ಸಣ್ಣ ನಿರಾಸೆಯೂ ಆಯಿತು. "ನಿಮಗೆ ಹೇಳ್ತಿದ್ನೇನೋ," ಎಂದ.

"ನಾನೂ ಹಂಗೇ ಅನ್ಕಂಡಿದ್ದೆ," ಎಂದರು ಅವರು. "ಆಮೇಲೆ ಗೊತ್ತಾತು, ನನಗಲ್ಲ. ಕಾವ್ಯ ಅಂತ ಕರೀತೀರಿ. ಯಾರು ಅಂತ ಕೇಳಬಾರ್ದು ಅಂತ ಕೇಳ್ಲಿಲ್ಲ."

ಮುಂದಿನ ಲಾರಿ ಬ್ರೇಕು ಹಾಕಿತು, ಅವನೂ ಹಾಕಿದ. ಕಾಲು ತನ್ನ ಕೆಲಸ ತಾನು ಮಾಡಿತು. "ನನ್ನ ಮಗಳು ಮೇಡಂ," ಎಂದ. ಆಮೇಲೆ, ಕೇಳದಿದ್ದರೂ, "ತಳಕಿನ ಈಚೆಗೆ ಕೊಟ್ಟೈತೆ," ಎಂದ.

"ಅದಕ್ಕೇ ಏನೋ." ಅವರ ದನಿ ಇಳಿಯಿತು. "ಆ ಕ್ರಾಸ್ ಬಂದಾಗ ಬೇರೆ ಯಾವ ಮಾತೂ ಇಲ್ಲ, ದಿನಾ ಒಂದೇ ಕೇಳ್ತೀರಿ. 'ಇವತ್ತು ಯಾರಾನಾ ಮಾತಾಡ್ಸಿದ್ರಾ?' ಅಂತ. ಕೇಳಿ ಸುಮ್ನಾಗ್ತೀರಿ, ಅವಳೇನೋ ಹೇಳ್ತಾಳೆ ಅಂತ ಕಾಯ್ದಂಗೆ. ಇವತ್ತು ಬರೋವಾಗ ಮಾತ್ರ ಕೇಳ್ಲಿಲ್ಲ. ಯಾಕೋ ಅನ್ಕಂಡೆ."

ಮೇಡಂ ಫೋನು ತೆಗೆದು ಓಂಕಾರಮೂರ್ತಿಗೆ ಹಚ್ಚಿದರು. "ಫೋನಲ್ಲ ಕಣ್ರಿ... ಹ್ಞೂ, ನಾನೇ ಹಿಂದೆ ಕುಂತಿರ್ತೀನಲ್ಲ... ಮಗಳ ಜೊತೆ ಮಾತಾಡ್ತಾರೆ... ಫೋನಿಲ್ದೆ ಹೆಂಗೆ ಅಂದ್ರೆ ಹೆಂಗೋ, ಅದನ್ನೂ ಬೆಂಗಳೂರಿಗೆ ಹೇಳ್ಬೇಕಾ? ಅಳಿಸಿ ಹಾಕ್ರಿ." ಫೋನು ಇಟ್ಟು, "ಆತು ಬಿಡ್ರಿ ಓಬಳೇಶಣ್ಣ, ಮುಗೀತು," ಎಂದರು. ಬೆಳಿಗ್ಗೆಯಿಂದ ಅವನನ್ನು ಕಾಡಿದ್ದು ಇಷ್ಟು ಸುಲಭವಾಗಿ ಮುಗಿದಿತ್ತು. ಥ್ಯಾಂಕ್ಸ್ ಮೇಡಂ ಎಂದ. ಆದರೆ ಮುಗಿದದ್ದು ಕೀಯ ವಿಷಯ. ಇನ್ನೊಂದು ಈಗ ತಾನೇ ಎದ್ದು ಕೂತಿತ್ತು.

ದಿನಾ ಕೇಳುತ್ತಿದ್ದನಂತೆ. ಪರದೆಯ ಮೇಲಿನ ಆ ಗುರುತಿಲ್ಲದವನು ಓಬಳೇಶನಿಗಿಂತ ಒಳ್ಳೆಯವನಾಗಿದ್ದ. ಮಗಳು ಹೇಳಿದ ಒಂದೇ ಒಂದು ನೋವನ್ನು ಇವನು ತಳ್ಳಿಹಾಕಿದರೆ ಅವನು ಎತ್ತಿಟ್ಟುಕೊಂಡು, ಹೋಗುವಾಗೊಮ್ಮೆ ಬರುವಾಗೊಮ್ಮೆ ವಿಚಾರಿಸಿದ್ದ. ದಾರಿಯ ಹಕ್ಕಿ, ಶೇಂಗಾ, ಹೋಟೆಲಿನ ಬೋರ್ಡು ಎಲ್ಲವನ್ನೂ ಅವಳಿಗೆ ಹೇಳಿದ್ದ, ಯಾರೂ ಮಾತಾಡಿಸದ ಮನೆಯಲ್ಲಿ ಕೂತವಳಿಗೆ. ಅವಳಿಗೆ ಮಾತ್ರ ಒಂದಕ್ಷರವೂ ಮುಟ್ಟಿಲ್ಲ. ಮನೆಯಲ್ಲಿ ಲಕ್ಷ್ಮೀದೇವಿ ಮಗಳಿಗೆ ಫೋನು ಮಾಡಿ, ಮಾತಾಡ್ತೀಯೇನು ಎಂದು ಅವನ ಕಡೆ ಚಾಚಿದರೆ, ನಾನೇನು ಮಾತಾಡ್ಲಿ, ಹುಷಾರು ಅನ್ನು ಎಂದು ಟಿವಿ ನೋಡಿದ್ದ. ಗೋಡೆ ನೋಡುವ ಆ ಬೀಗರಿಗೂ ಟಿವಿ ನೋಡುವ ತನಗೂ ಏನು ವ್ಯತ್ಯಾಸ? ಓಬಳೇಶನಿಗೆ ನಾಚಿಕೆಯಾಯಿತು, ಮಗಳನ್ನು ನೋಡಬೇಕೆನಿಸಿತು. ಜೊತೆಗೇ, ನಾಚಿಕೆಗೂ ಜಗ್ಗದೆ, ಬೆಳಗಿನ ಆ ಕುತೂಹಲ ಮತ್ತೆ ತಲೆ ಎತ್ತಿತು. ಅವನು ಕೇಳಿ ಸುಮ್ಮನಾಗಿ ಕಾಯುತ್ತಿದ್ದನಲ್ಲ, ಅದಕ್ಕೆ ಉತ್ತರ ಏನು?

ಕ್ರಾಸು ಕಂಡಿತು. ಅವನು ಇಂಡಿಕೇಟರ್ ಹಾಕಿ ಗಾಡಿಯನ್ನು ರಸ್ತೆಯಿಂದ ಕೆಳಗಿಳಿಸಿ ನಿಲ್ಲಿಸಿದ. "ಒಂದು ನಿಮಿಷ ಮೇಡಂ," ಎಂದ. ಅವರು ಯಾಕೆ ಎನ್ನಲಿಲ್ಲ. ಇಂಜಿನ್ ಆರಿಸಿ, ಬೆಲ್ಟು ಬಿಚ್ಚಿ, ಇಳಿದು, ಮಣ್ಣು ರಸ್ತೆಯ ಕಡೆ ಮುಖ ಮಾಡಿ ನಿಂತು ಫೋನು ಹಚ್ಚಿದ. ಗಾಳಿ ಜೋರಾಗಿತ್ತು. ಬಹಳ ಹೊತ್ತು ರಿಂಗಾಯಿತು.

"ಅಪ್ಪಾ?" ಗಾಬರಿಯ ದನಿ. "ಅವ್ವ ಹುಷಾರಾಗದಾಳಾ?"

ಅವನು ತಾನಾಗಿ ಫೋನು ಮಾಡಿದರೆ ಮನೆಯಲ್ಲಿ ಏನೋ ಆಗಿರಬೇಕು ಎಂದುಕೊಳ್ಳುತ್ತಾಳೆ. ಅಷ್ಟರ ಮಟ್ಟಿಗೆ ಅವನು ತಂದೆ.

"ಅವ್ವ ಚೆನ್ನಾಗವ್ಳೆ," ಎಂದ. "ಕಾವ್ಯ... ಇವತ್ತು ಯಾರಾನಾ ಮಾತಾಡ್ಸಿದ್ರಾ?"

ಆ ಕಡೆ ಪಾತ್ರೆ ಕೆಳಗಿಟ್ಟ ಸದ್ದಾಯಿತು. ಆಮೇಲೆ ಏನೂ ಇಲ್ಲ. ಅವನು ಕಾದ. ಲಾರಿಯೊಂದು ಧೂಳೆಬ್ಬಿಸಿಕೊಂಡು ಹೋಯಿತು, ಧೂಳು ಕೂತಿತು.

"ನೀನೇ ಮೊದ್ಲು ಅಪ್ಪ," ಎಂದಳು ಕಾವ್ಯ.

ಓಬಳೇಶ ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡ. ಪಕ್ಕದಲ್ಲಿ ನಿಂತವರಿಗೂ ಕೇಳದಷ್ಟು ಸಣ್ಣ ದನಿಯಲ್ಲಿ, ತುಟಿಯೊಳಗೇ, "ಬಟ್ಟೆ ಕಟ್ಕ. ಸಂಜೆ ಡ್ಯೂಟಿ ಮುಗಿಸ್ಕಂಡು ಕರ್ಕಂಡು ಹೋಗಾಕೆ ಬರ್ತೀನಿ," ಎಂದ.

"ಏನಪ್ಪಾ? ಕೇಳುಸ್ಲಿಲ್ಲ, ಗಾಳಿ."

ಮತ್ತೆ ಹೇಳಿದ. ಆಮೇಲೆ ಫೋನಿನಲ್ಲಿ ಏನೋ ಒತ್ತಿದ ಹಾಗಾಯಿತು, ಇದ್ದಕ್ಕಿದ್ದಂತೆ ಆ ಮನೆಯ ನಡುಮನೆಯೆಲ್ಲ ಕಿವಿಗೆ ಬಂತು. ಕೋಳಿಯ ಸದ್ದು, ಯಾರೋ ಕೆಮ್ಮಿದ್ದು, ಟಿವಿಯ ಮಾತು. ಅದರ ನಡುವಿನಿಂದ ಕಾವ್ಯ ಹೇಳಿದಳು. "ಸ್ಪೀಕರಿಗೆ ಹಾಕೀನಿ ಅಪ್ಪ. ಅತ್ತೆ ಇಲ್ಲೇ ಕುಂತವ್ರೆ, ಮಾವನೂ ಅವ್ರೆ. ಈಗ ಹೇಳು. ಜೋರಾಗಿ ಹೇಳು."

ಯಾರೋ ಟಿವಿ ಆರಿಸಿದರು. ಓಬಳೇಶ ಕತ್ತೆತ್ತಿ, ಜಾಲಿಯಲ್ಲಿದ್ದ ಹಕ್ಕಿಗಳೆಲ್ಲ ಒಮ್ಮೆಲೇ ಏಳುವಷ್ಟು ಜೋರಾಗಿ ಹೇಳಿದ.